ಮಷಿನ್ ಒಬ್ಬರದು, ಸಂಬಳ ಇನ್ನೊಬ್ಬರದು: ಹೊಲಿಗೆ ಸಾಲು ಕೊನೆಗೂ ಕೂಡಿತು

ಒಂದು ಸ್ವಯಂಸೇವಾ ಸಂಸ್ಥೆಯ ಲೆಕ್ಕದಲ್ಲಿ ಹೊಲಿಗೆ ತರಬೇತಿಯ ಸಾಲು ಯಾವುದಕ್ಕೂ ಹೊಂದದೆ ಎಕ್ಸೆಲ್‌ನಲ್ಲಿ ಕೆಂಪಗೆ ಕೂತಿದೆ ಅಂತ ಹೋದ ಸಲ ಗೋಳಾಡಿದ್ದೆನಲ್ಲ, ಅದು ಕೊನೆಗೂ ಕೂಡಿತು. ಮನೆಯಲ್ಲಿ ಹೇಳಿದರೆ "ಯಾರದ್ದೋ ಸಂಸ್ಥೆ, ಯಾರದ್ದೋ ದುಡ್ಡು, ನಿಮಗ್ಯಾಕೆ ನಿದ್ದೆಗೇಡು" ಅಂದರು. ಬೇರೆಯವರ ಲೆಕ್ಕಪತ್ರ ಕೆದಕುವ ಹುಚ್ಚು ಇರುವವರಿಗೆ ಮಾತ್ರ ಈ ಖುಷಿ ಗೊತ್ತಾಗೋದು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಇದು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನ ಸಂಸ್ಥೆ. ಹೊಲಿಗೆ, ಮನೆ ವೈರಿಂಗ್, ಮೊಬೈಲ್ ರಿಪೇರಿ ಕಲಿಸುತ್ತಾರೆ. ಹೆಸರು ಹೇಳೋದಿಲ್ಲ. ಅಸಲಿ ಅಂಕಿ ಬರೆದರೂ ಹುಡುಕುವವರಿಗೆ ಸಿಕ್ಕಿಬಿಡುತ್ತದೆ. ಹಾಗಾಗಿ ವರದಿಯ ಒಟ್ಟು ಸಂಖ್ಯೆಯನ್ನು ನೂರು ಅಂತ ಇಟ್ಟುಕೊಂಡು, ಉಳಿದದ್ದನ್ನೂ ಅದೇ ಪ್ರಮಾಣಕ್ಕೆ ಇಳಿಸಿದ್ದೇನೆ. ನೋಡುತ್ತಿರುವುದು 2018-19ರ ಲೆಕ್ಕ. ಹಳೆಯದು ಯಾಕೆ ಅಂದರೆ, ಸರ್ಕಾರದ ಹಣ ಬರುವುದೆಲ್ಲ ಬಂದು ಮುಗಿದ ವರ್ಷ ಬೇಕಿತ್ತು.

ತೆರಿಗೆ ವಿನಾಯಿತಿಯ 12ಎ, 80ಜಿ, ಸರ್ಕಾರಿ ಜಾಲತಾಣದ ದರ್ಪಣ್ ನಂಬರ್, ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಎಲ್ಲ ಸರಿ ಇವೆ. ಆ ಹಂತ ಬಿಟ್ಟುಬಿಡೋಣ. ಸಂಸ್ಥೆ ಅನ್ನೋದು ಒಂದು ಇದೆ ಅಂತ ಅವು ಹೇಳುತ್ತವೆ, ಅಷ್ಟೇ. ಅತಿ ಹೆಚ್ಚು ಸಂಬಳದ ಮೂವರು ಯಾರು, ಅತಿ ಕಡಿಮೆ ಸಂಬಳ ಎಷ್ಟು ಅಂತ ಪ್ರಕಟಿಸಬೇಕು ಅಂತ ಸ್ವಯಂಸೇವಾ ಸಂಸ್ಥೆಗಳದ್ದೇ ಒಕ್ಕೂಟವಾದ ಕ್ರೆಡಿಬಿಲಿಟಿ ಅಲಯನ್ಸ್‌ನ ಮಾನದಂಡ ಇದೆಯಲ್ಲ, ಅದನ್ನೂ ಇವರು ಪಾಲಿಸಿದ್ದಾರೆ. ಆಡಿಟ್ ಆದ ಲೆಕ್ಕವನ್ನು ಷೆಡ್ಯೂಲ್‌ಗಳ (ವಿವರದ ಪಟ್ಟಿಗಳ) ಸಮೇತ ಹಾಕಿದ್ದಾರೆ. ಒಂದೇ ಪುಟದ ಬ್ಯಾಲೆನ್ಸ್ ಶೀಟ್ ಹಾಕಿ ಮೇಲೆ ದೊಡ್ಡದಾಗಿ 'ಪಾರದರ್ಶಕತೆ' ಅಂತ ಬರೆದುಕೊಳ್ಳುವವರನ್ನು ನೋಡಿ ನೋಡಿ ಸಾಕಾಗಿದ್ದ ನನಗೆ ಇದು ಹಬ್ಬ. ಒಂದೇ ತಕರಾರು: ವಾರ್ಷಿಕ ವರದಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅದರಲ್ಲಿ ಫೋಟೋ ಇರುವ ಹುಡುಗಿಯರು ಅದನ್ನು ಓದಬೇಕು ಅಂತ ಯಾರಿಗೂ ಅನ್ನಿಸಿದಂತಿಲ್ಲ.

ಸ್ವಲ್ಪ ಬೈಗುಳ ಬಾಕಿ ಇದೆ, ಮೊದಲು ಮುಗಿಸುತ್ತೇನೆ. ವಿದೇಶಿ ದೇಣಿಗೆಯ ಎಫ್‌ಸಿ-4 ರಿಟರ್ನ್ ಮೊದಲೆಲ್ಲ ಗೃಹ ಸಚಿವಾಲಯದ ಜಾಲತಾಣದಲ್ಲೇ ಸಿಗುತ್ತಿತ್ತು. 2022ರ ಜುಲೈನಲ್ಲಿ ತೆಗೆದುಬಿಟ್ಟರು. ಈಗ ಸಂಸ್ಥೆಯವರೇ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇವರು ಕೇಳಿದ ತಕ್ಷಣ ಕೊಟ್ಟರು. ಆದರೆ ಆ ಸ್ಕ್ಯಾನ್! ಒಂದು ಪುಟ ನೆಟ್ಟಗೆ, ಇನ್ನೊಂದು ತಲೆಕೆಳಗೆ. ಒಟ್ಟು ಮೊತ್ತದ ಮೇಲೇ ಆಡಿಟರ್ ಸಾಹೇಬರ ನೇರಳೆ ಸೀಲು. ಅದು 3 ಅಥವಾ 8, ಎರಡರಲ್ಲಿ ಒಂದು. ಅಕ್ಷರ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟರೆ ಅದು ರೂಪಾಯಿ ಚಿಹ್ನೆಯನ್ನೆಲ್ಲ 2 ಅಂತ ಓದಿಕೊಂಡು ಪ್ರತಿ ಮೊತ್ತದ ಮುಂದೆ ಒಂದೊಂದು 2 ಜೋಡಿಸಿತು. ಆ ಲೆಕ್ಕದಲ್ಲಿ ಚಹಾ ಖರ್ಚೇ ಎರಡು ಲಕ್ಷ ದಾಟಿತ್ತು. ಆಮೇಲೆ ಕೈಯಲ್ಲೇ ಟೈಪ್ ಮಾಡಿದೆ.

ಇನ್ನು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಕೇಳಿದರೆ "ಸ್ಟಾಕ್ ಇಲ್ಲ, ಐವತ್ತರದ್ದು ಕೊಡಲಾ?" ಅಂದರು. ಬೇರೆ ಊರಿನಿಂದ ತರಿಸಿದೆ. ನಮ್ಮ ರಾಜ್ಯದ ನಿಯಮ ನಿಮಗೆ ಗೊತ್ತೇ ಇದೆ: ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಶಾಲೆಯಲ್ಲಿ ಕಲಿತ ಸಮಾಸಗಳನ್ನೆಲ್ಲ ಹೊರಗೆ ತೆಗೆದು, ಪದಕ್ಕೆ ಪದ ಅಂಟಿಸಿ ಅಂತೂ ಒಳಗೆ ತೂರಿಸಿದೆ. ಗಣನೀಯವಾಗಿ ಸರ್ಕಾರದ ಹಣದಲ್ಲೇ ನಡೆಯುವ ಸಂಸ್ಥೆಗಳೂ ಆರ್‌ಟಿಐ ವ್ಯಾಪ್ತಿಗೆ ಬರುತ್ತವೆ ಅಂತ 2019ರ ಡಿಎವಿ ಕಾಲೇಜ್ ಟ್ರಸ್ಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇವರಿಗೆ ಬರುವ ಸರ್ಕಾರಿ ಹಣ ಅಷ್ಟಿಲ್ಲ. ಹಾಗಾಗಿ ಆ ಹಣ ಕೊಟ್ಟ ಇಲಾಖೆಗೇ ಹಾಕಿದೆ. ಉತ್ತರ ಬಂತು, ಒಂದೇ ಸಾಲಿನಲ್ಲಿ: 25 ಜನ ತರಬೇತಿ, 12 ಜನಕ್ಕೆ ಕೆಲಸ.

ಈಗ ಅಸಲಿ ಕಗ್ಗಂಟು. ವರದಿಯ ಪ್ರಕಾರ ನೂರು ಜನ ತರಬೇತಿ ಪಡೆದಿದ್ದಾರೆ, ಎಪ್ಪತ್ತು ಜನಕ್ಕೆ ಪ್ಲೇಸ್‌ಮೆಂಟ್ ಆಗಿದೆ. ದಾನಿಗಳು ಮೂವರು. ಒಂದು ಕಂಪನಿ ಸಿಎಸ್‌ಆರ್ ಹಣ ಕೊಟ್ಟಿದೆ: 40 ಜನ, ಅದರಲ್ಲಿ 30 ಜನಕ್ಕೆ ಕೆಲಸ. ಒಂದು ವಿದೇಶಿ ಫೌಂಡೇಶನ್: 35 ಜನ, 28ಕ್ಕೆ ಕೆಲಸ. ಉಳಿದದ್ದು ಕೇಂದ್ರ ಸರ್ಕಾರದ ಕೌಶಲ ತರಬೇತಿ ಯೋಜನೆ ಪಿಎಂಕೆವಿವೈ: 25 ಜನ, 12ಕ್ಕೆ ಕೆಲಸ. ಕೂಡಿದರೆ ನೂರಕ್ಕೆ ನೂರು, ಎಪ್ಪತ್ತಕ್ಕೆ ಎಪ್ಪತ್ತು. ಮೂರೂ ದಾನಿಗಳ ಕಾಗದದಲ್ಲಿ ಅವೇ ಅಂಕಿ. ಎಲ್ಲೂ ಒಂದು ಚುಕ್ಕಿ ವ್ಯತ್ಯಾಸವಿಲ್ಲ.

ಹಾಗಿದ್ದರೆ ಕೆಂಪು ಯಾಕೆ? ಜಾಗ ಸಾಲುತ್ತಿರಲಿಲ್ಲ. ಹೊಲಿಗೆ ತರಬೇತಿ ನಡೆಯುವುದು ಒಂದೇ ಹಾಲ್‌ನಲ್ಲಿ. ಎಷ್ಟು ಮಷಿನ್ ಕೊಟ್ಟಿದ್ದೇವೆ ಅಂತ ಕಂಪನಿಯವರು ತಮ್ಮ ವರದಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಮೂರು ತಿಂಗಳ ಕೋರ್ಸು, ದಿನಕ್ಕೆ ಎರಡು ಪಾಳಿ, ವರ್ಷಕ್ಕೆ ನಾಲ್ಕು ಬ್ಯಾಚ್, ಒಬ್ಬರಿಗೆ ಒಂದು ಮಷಿನ್. ಹಬ್ಬ ಹುಣ್ಣಿಮೆಗೂ ರಜೆ ಕೊಡದೆ ಓಡಿಸಿದರೂ, ವರದಿ ಹೇಳುವ ಹೊಲಿಗೆಯವರ ಸಂಖ್ಯೆಯ ಅರ್ಧದ ಹತ್ತಿರಕ್ಕೆ ನಿಲ್ಲುತ್ತಿತ್ತು. ಉಳಿದವರು ಎಲ್ಲಿ ಕೂತು ಕಲಿತರು?

ಮೊದಲು ಪಿಎಂಕೆವಿವೈ ದಾರಿ ಹಿಡಿದೆ. ಆ ವರ್ಷ ನಡೆಯುತ್ತಿದ್ದದ್ದು ಅದರ ಎರಡನೇ ಹಂತ, 2.0. ಅದರಲ್ಲಿ ಹಣ ಮೂರು ಕಂತಿನಲ್ಲಿ ಬರುತ್ತಿತ್ತು: ಬ್ಯಾಚ್ ಶುರುವಾದಾಗ 30%, ಸರ್ಟಿಫಿಕೇಟ್ ಸಿಕ್ಕಾಗ 50%, ಆಮೇಲೆ 90 ದಿನದೊಳಗೆ ಕೆಲಸ ಸಿಕ್ಕಿದ್ದಕ್ಕೆ ಕೊನೆಯ 20%. ಚೆಂದದ ಏರ್ಪಾಡು, ಅಲ್ವಾ? ಕೊನೆಯ ಕಂತು ಎಷ್ಟು ಬಂತು ಅಂತ ಗೊತ್ತಾದರೆ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ ಹಿಂದಿನಿಂದ ಲೆಕ್ಕ ಹಾಕಬಹುದು. ಆದರೆ ಆ 20% ಯಾವಾಗ ಬರುತ್ತದೆ ಅನ್ನೋದು ದೇವರಿಗೇ ಗೊತ್ತು. ಮುಂದಿನ ಎರಡು ವರ್ಷದ ಲೆಕ್ಕದಲ್ಲಿ ತುಂಡು ತುಂಡಾಗಿ ಬಿದ್ದಿತ್ತು. ಎಲ್ಲ ಹೆಕ್ಕಿ ಕೂಡಿಸಿದಾಗ ಬಂದದ್ದು ಅದೇ 12. ಸರ್ಕಾರಿ ಸಾಲು ಪಕ್ಕಾ ಇತ್ತು. ಗಂಟು ಉಳಿದಿಬ್ಬರ ಹತ್ತಿರವೇ ಇರಬೇಕು.

ನಡುವೆ ಆಡಳಿತ ವೆಚ್ಚದ ಬೆನ್ನು ಹತ್ತಿ ಅಂತ ಇಬ್ಬರು ಗೆಳೆಯರು ಸಲಹೆ ಕೊಟ್ಟರು. ನನಗೆ ಅದರ ಮೇಲೆ ನಂಬಿಕೆ ಇಲ್ಲ. ವಿದೇಶಿ ಹಣದಲ್ಲಿ ಆಡಳಿತಕ್ಕೆ 50% ವರೆಗೆ ಖರ್ಚು ಮಾಡಬಹುದಿತ್ತು, 2020ರ ತಿದ್ದುಪಡಿ ಅದನ್ನು 20%ಕ್ಕೆ ಇಳಿಸಿತು. ಆದರೆ ತರಬೇತಿ ಸಂಸ್ಥೆಗಳಲ್ಲಿ ತರಬೇತಿ ಕೊಡುವವರ ಸಂಬಳ ಆ ಲೆಕ್ಕಕ್ಕೇ ಬರುವುದಿಲ್ಲ, ನಿಯಮದಲ್ಲೇ ಹಾಗಿದೆ. ನಿನ್ನೆಯ ಆಫೀಸ್ ಗುಮಾಸ್ತರು ಇವತ್ತು 'ತರಬೇತಿ ಸಂಯೋಜಕ'ರಾದರೆ ಮುಗೀತು, ಶೇಕಡಾವಾರು ಚೊಕ್ಕ. ಸಿಎಸ್‌ಆರ್‌ನ 5% ಮಿತಿಯನ್ನೂ ಇಲ್ಲಿಗೆ ಎಳೆದು ತರಬೇಡಿ. ಅದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಆಡಳಿತ ಖರ್ಚಿಗೆ ಇರುವ ಮಿತಿ, ಸಂಸ್ಥೆಗಲ್ಲ.

ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಯಾರೂ ತೆರೆದು ನೋಡದ ನಿಗದಿತ ನಿಧಿಗಳ ಷೆಡ್ಯೂಲ್‌ನಲ್ಲಿ. ಪ್ರತಿ ದಾನಿಯ ಹಣ ಯಾವುದಕ್ಕೆ ಹೋಯಿತು ಅನ್ನುವ ಪಟ್ಟಿ ಅದು. ಕಂಪನಿಯ ಹೊಲಿಗೆ ಯೋಜನೆಯ ಕೆಳಗೆ: ಹೊಲಿಗೆ ಮಷಿನ್, ಓವರ್‌ಲಾಕ್ ಮಷಿನ್, ಕಟಿಂಗ್ ಟೇಬಲ್, ಕತ್ತರಿ, ಬಟ್ಟೆ, ದಾರ. ಸಂಬಳ ಒಂದು ರೂಪಾಯಿಯೂ ಇಲ್ಲ. ಫೌಂಡೇಶನ್‌ನ ಹೊಲಿಗೆ ಯೋಜನೆಯ ಕೆಳಗೆ: ಶಿಕ್ಷಕಿಯರ ಸಂಬಳ, ಬಸ್ ಖರ್ಚು, ಹಾಲ್ ಬಾಡಿಗೆ. ಒಂದು ಸೂಜಿಯೂ ಇಲ್ಲ. ಅಂದರೆ ಒಬ್ಬ ದಾನಿ ಟೀಚರ್ ಇಲ್ಲದೆ ಹೊಲಿಗೆ ಕಲಿಸಿದ್ದಾರೆ, ಇನ್ನೊಬ್ಬರು ಮಷಿನ್ ಇಲ್ಲದೆ.

ಸಂಸ್ಥೆಯ ಅಕೌಂಟೆಂಟ್ ಮೇಡಂಗೆ ಫೋನ್ ಹಚ್ಚಿದೆ. ಮುಚ್ಚುಮರೆ ಏನೂ ಮಾಡಲಿಲ್ಲ. "ಹೌದ್ರೀ ಸರ್, ಮಷಿನ್ ಅವರ್ದು, ಟೀಚರ್ ಪಗಾರ ಇವರ್ದು. ಹುಡ್ಗ್ಯಾರು ಎರಡೂ ಕಡೆ ಅವ್ರೇ ಅದಾರ್ರಿ. ಇಬ್ರಿಗೂ ಲಿಸ್ಟ್ ಕೊಡ್ಬೇಕಲ್ರಿ, ಕೊಟ್ಟೇವಿ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಅಲ್ಲಿಗೆ ಲೆಕ್ಕ ಬಿಚ್ಚಿಕೊಂಡಿತು. ಕಂಪನಿಯ 40ರಲ್ಲಿ 35 ಜನ ಹೊಲಿಗೆಯವರು, 5 ಜನ ವೈರಿಂಗ್‌ನವರು. ಫೌಂಡೇಶನ್‌ನ 35 ಅಂದರೆ ಅದೇ 35 ಜನ. ಹಾಗಾಗಿ ನಿಜವಾಗಿ ಕಲಿತವರು 65. ಕೆಲಸದ ಲೆಕ್ಕದಲ್ಲಿ ಹೊಲಿಗೆಯವರನ್ನು ಒಂದೇ ಸಲ ಹಿಡಿದು, ಇಬ್ಬರು ಹೇಳಿದ್ದರಲ್ಲಿ (ಕಂಪನಿಯದು 26, ಫೌಂಡೇಶನ್‌ನದು 28) ದೊಡ್ಡದಾದ 28 ಅನ್ನೇ ತೆಗೆದುಕೊಂಡೆ. ವೈರಿಂಗ್ 4, ಸರ್ಕಾರಿ ಬ್ಯಾಚ್ 12. ಒಟ್ಟು 44.

ಈಗ ತಮಾಷೆ ನೋಡಿ. ನೂರಕ್ಕೆ ಎಪ್ಪತ್ತು ಅಂದರೆ 70%. ಅರವತ್ತೈದಕ್ಕೆ ನಲವತ್ತನಾಲ್ಕು ಅಂದರೆ ಸುಮಾರು 68%. ಶೇಕಡಾ ಹೆಚ್ಚುಕಮ್ಮಿ ಅಲ್ಲಾಡಲೇ ಇಲ್ಲ! ಕಲಿತವರನ್ನೂ ಎರಡು ಸಲ, ಕೆಲಸ ಸಿಕ್ಕವರನ್ನೂ ಎರಡು ಸಲ ಎಣಿಸಿದರೆ ಶೇಕಡಾ ಎಂದೂ ಚಾಡಿ ಹೇಳುವುದಿಲ್ಲ. ಅಷ್ಟು ದಿನ ನಾವೆಲ್ಲ ದಿಟ್ಟಿಸುತ್ತಿದ್ದದ್ದು ಆ ಶೇಕಡಾವನ್ನೇ. ಅಲ್ಲಾಡಿದ್ದು ಬೇರೆ ಅಂಕಿ. ಒಬ್ಬರಿಗೆ ಕಲಿಸಲು ತಗಲಿದ ಖರ್ಚು ವರದಿಯಲ್ಲಿ ಇದ್ದದ್ದಕ್ಕಿಂತ ಒಂದೂವರೆ ಪಟ್ಟು ದಾಟಿತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೊಲಿಗೆ ಸರಿಯಾಗಿ ಕಲಿಸಲು ಅಷ್ಟು ಬೇಕೇ ಬೇಕು. "ಇಷ್ಟು ಕಡಿಮೆಯಲ್ಲಿ ಹೇಗೆ ಮಾಡ್ತೀರಿ" ಅಂತ ದಾನಿಗಳು ಬೆನ್ನು ತಟ್ಟಿದಾಗ ಸುಮ್ನೆ ಇದ್ದದ್ದೇ ತೊಂದರೆ. ಪಕ್ಕದ ತಾಲ್ಲೂಕಿನ ಸಂಸ್ಥೆ ಈಗ ಅದೇ ದರಕ್ಕೆ ಕಲಿಸಬೇಕಾಗುತ್ತದೆ.

ಇದು ಕಳ್ಳತನ ಅಲ್ಲ ಅಂತ ಸ್ಪಷ್ಟವಾಗಿ ಹೇಳುತ್ತೇನೆ. ಒಬ್ಬೊಬ್ಬ ದಾನಿಗೂ ಕೊಟ್ಟ ಪಟ್ಟಿಯಲ್ಲಿ ಇರುವವರೆಲ್ಲ ನಿಜವಾಗಿ ಕಲಿತವರೇ. ಆ ಪಟ್ಟಿಗಳನ್ನು ಕೂಡಿಸಿ ವಾರ್ಷಿಕ ವರದಿಯಲ್ಲಿ ಒಂದು ದೊಡ್ಡ ಸಂಖ್ಯೆ ಮಾಡಿದ್ದು ಮಾತ್ರ ಸುಳ್ಳು. ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರದ್ದೂ ಅಲ್ಲ. ಆಡಿಟರ್ ನೋಡುವುದು ದುಡ್ಡನ್ನು. ಕಂಪನಿಗಳು ಹೊರಗಿನವರಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕು ಅನ್ನುವ ನಿಯಮ ಬಂದದ್ದೇ 2021ರಲ್ಲಿ. ಅದೂ ಮೂರು ವರ್ಷದ ಸರಾಸರಿ ಸಿಎಸ್‌ಆರ್ ಬಾಧ್ಯತೆ 10 ಕೋಟಿ ಅಥವಾ ಹೆಚ್ಚು ಇರುವ ಕಂಪನಿಗೆ, 1 ಕೋಟಿ ಮತ್ತು ಮೇಲಿನ ಯೋಜನೆಗೆ. ತಾಲ್ಲೂಕು ಊರಿನ ಹೊಲಿಗೆ ಹಾಲ್ ಆ ಬಲೆಗೆ ಬೀಳೋದೇ ಇಲ್ಲ. ಸರ್ಕಾರದ ಕಥೆಯೂ ಏನೂ ಮೇಲಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂದ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು) ವರದಿ ನೋಡಿದ್ದೀರಲ್ಲ. ಪಿಎಂಕೆವಿವೈ ದಾಖಲೆಗಳಲ್ಲಿ ಬ್ಯಾಂಕ್ ಖಾತೆ ಸಂಖ್ಯೆಯ ಜಾಗ ಖಾಲಿ, ಸೊನ್ನೆ, ಇಲ್ಲವೇ 11111111111.

ಇನ್ನೂ ಒಂದು ಮುಳ್ಳು ಉಳಿದಿದೆ. ಹೊಲಿಗೆಯ ಆ 28ರಲ್ಲಿ ಗಾರ್ಮೆಂಟ್ಸ್‌ಗೆ ಸೇರಿದವರು 9 ಜನ ಮಾತ್ರ. ಉಳಿದ 19 ಜನ ಮನೆಯಲ್ಲೇ ಹೊಲಿಯುತ್ತಾರಂತೆ. ತಿಂಗಳಿಗೆ ನಾಲ್ಕು ಬ್ಲೌಸ್ ಹೊಲಿದರೂ ಪ್ಲೇಸ್‌ಮೆಂಟೇ, ಮದುವೆ ಸೀಸನ್‌ನಲ್ಲಿ ರಾತ್ರಿಯಿಡೀ ಪೆಡಲ್ ತುಳಿದರೂ ಪ್ಲೇಸ್‌ಮೆಂಟೇ. ಇದನ್ನು ಹೇಗೆ ಅಳೆಯೋದು?

ಇಲ್ಲೇ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಗೊತ್ತಲ್ಲ, ಧರ್ಮಸ್ಥಳದ ಎಸ್‌ಡಿಎಂಇ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಮಾಡಿದ್ದು. ಅದೇ ಮಾದರಿಯಲ್ಲಿ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿ ಬಂದವು. ಅವರದ್ದು ಸ್ವಂತ ಉದ್ಯೋಗದ ತರಬೇತಿ, ಹಾಗಾಗಿ ಈ ತಲೆನೋವನ್ನು ಅವರು ಮೊದಲೇ ಕಂಡವರು. ಕಲಿತವರ ಹಿಂದೆ ಎರಡು ವರ್ಷ ಓಡಾಡುತ್ತಾರೆ, 'ಸೆಟಲ್ ಆದವರು' ಅಂತ ಎಣಿಸುತ್ತಾರೆ, ಅದರಲ್ಲಿ ಬ್ಯಾಂಕ್ ಸಾಲ ಪಡೆದವರು ಎಷ್ಟು ಅಂತ ಬೇರೆ ಬರೆಯುತ್ತಾರೆ. ಸಾಲ ಇದ್ದರೆ ಖಾತೆ ಇರುತ್ತದೆ, ಕಂತು ಕಟ್ಟಿದ ಗುರುತು ಇರುತ್ತದೆ. ಸ್ವಂತ ದುಡ್ಡಿನಲ್ಲಿ ಶುರು ಮಾಡಿದವರನ್ನು ಹೇಗೆ ಹಿಡಿಯುತ್ತಾರೆ ಅನ್ನೋದು ನನ್ನ ಕುತೂಹಲ. ಒಂದು ಆರ್‌ಸೆಟಿಯ ಹೊಲಿಗೆ ಬ್ಯಾಚನ್ನೂ ಇವರ ಬ್ಯಾಚನ್ನೂ ಅಕ್ಕಪಕ್ಕ ಇಟ್ಟು ನೋಡುವ ಆಸೆ.

ಅಷ್ಟರಲ್ಲಿ ಅಕೌಂಟೆಂಟ್ ಮೇಡಂ ಒಂದು ಕೆಲಸ ಹಚ್ಚಿದ್ದಾರೆ. ಈ ವರ್ಷದ ವರದಿಗೆ ದಾನಿವಾರು ಪಟ್ಟಿಯ ಕೆಳಗೆ 'ಒಬ್ಬರನ್ನು ಒಂದೇ ಸಲ ಎಣಿಸಿದಾಗ' ಅಂತ ಒಂದು ಸಾಲು ಸೇರಿಸಲು ಅಧ್ಯಕ್ಷರು ಒಪ್ಪಿದ್ದಾರಂತೆ, "ಫಾರ್ಮ್ಯಾಟ್ ಕಳಸ್ರಿ ಸರ್" ಅಂದಿದ್ದಾರೆ. ಪ್ರತಿ ಹುಡುಗಿಗೆ ಒಂದು ನಂಬರ್, ಯಾವ ದಾನಿಯಿಂದ ಏನು ಬಂತು ಅನ್ನಲು ಪಕ್ಕದಲ್ಲಿ ಮೂರು ಕಾಲಂ, ಕೆಲಸದ ಕಾಲಂನಲ್ಲಿ ಗಾರ್ಮೆಂಟ್ಸ್ ಬೇರೆ, ಮನೆ ಹೊಲಿಗೆ ಬೇರೆ. ಆಧಾರ್ ನಂಬರ್ ಬೇಡ ಅಂತ ಮೊದಲೇ ಹೇಳಿದ್ದೇನೆ. ಮನೆ ಹೊಲಿಗೆಯ ಕಾಲಂನಲ್ಲಿ ಏನು ಕೇಳಬೇಕು ಅನ್ನೋದರಲ್ಲಿ ಸಿಕ್ಕಿಕೊಂಡಿದ್ದೇನೆ. ಆದಾಯ ಕೇಳಿದರೆ ಯಾರೂ ಸರಿ ಹೇಳುವುದಿಲ್ಲ. ತಿಂಗಳಿಗೆ ಎಷ್ಟು ರೀಲು ದಾರ ಖರ್ಚಾಗುತ್ತದೆ ಅಂತ ಕೇಳಿದರೆ ಹೇಗೆ? ಮನೆಯಲ್ಲಿ ಹೊಲಿಗೆ ಗೊತ್ತಿರುವವರಿದ್ದರೆ ಒಂದು ರೀಲಿಗೆ ಎಷ್ಟು ಬ್ಲೌಸ್ ಆಗುತ್ತವೆ ಅಂತ ವಿಚಾರಿಸಿ ತಿಳಿಸಿ.