"ಅದ್ರಲ್ಲಿ ಎಂತ ಉಂಟು ಮಾರಾಯ?" ಯುರೋಪಾ ರಿಪೋರ್ಟ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಒಳ್ಳೆ ಸ್ಪೇಸ್ ಸಿನಿಮಾ ಯಾವುದುಂಟು ಅಂತ ಯಾರು ಕೇಳಿದ್ರೂ ನಾನು ಹೇಳೋದು ಒಂದೇ ಹೆಸ್ರು, 2013ರ ಯುರೋಪಾ ರಿಪೋರ್ಟ್. ನೋಡಿದ ಮೇಲೆ ಅವ್ರು ಕೇಳೋದೂ ಒಂದೇ ಪ್ರಶ್ನೆ: "ಎಂತ ಮಾರಾಯ, ಇಡೀ ಸಿನಿಮಾ ಸಿಸಿಟಿವಿ ಫೂಟೇಜ್ ನೋಡಿದ ಹಾಗುಂಟು, ದುಡ್ಡಿಲ್ಲ ಅಂತ ಹಾಗೆ ತೆಗ್ದದ್ದಾ?" ಮಂಗಳೂರಲ್ಲಿ ಫ್ರೆಂಡ್ಸ್ ಕೇಳ್ತಾರೆ, ಉಡುಪಿಗೆ ಹೋದ್ರೆ ಭಾವ ಕೇಳ್ತಾನೆ. ಹಾಗಾಗಿ ಇಲ್ಲಿ ಬರ್ದು ಹಾಕ್ತಿದ್ದೇನೆ. ಕಥೆ ಸ್ವಲ್ಪ ಹೇಳ್ಬೇಕಾಗ್ತದೆ, ನೋಡದವರು ನೋಡಿ ಬಂದು ಓದಿ.

ದುಡ್ಡು ಕಮ್ಮಿ ಇದ್ದದ್ದು ಹೌದು. ಒಂದು ಕೋಟಿ ಡಾಲರಿಗಿಂತ ಕಮ್ಮಿ ಬಜೆಟ್, ಹಾಲಿವುಡ್ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದ್ರೆ ಬಾಹ್ಯಾಕಾಶ ಯಾನ ನಮಗೆ ನಿಜವಾಗಿ ಕಾಣೋದೇ ಹಾಗೆ ಅಲ್ವಾ? 2019ರ ಸೆಪ್ಟೆಂಬರಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಯುವಾಗ ನಾವೆಲ್ಲ ನಿದ್ದೆಬಿಟ್ಟು ಟಿವಿ ಮುಂದೆ ಕೂತು ನೋಡಿದ್ದೆಂತ? ಸ್ಕ್ರೀನಲ್ಲಿ ಗೆರೆ ಹಿಡ್ಕೊಂಡು ಕೆಳಗೆ ಬರ್ತಾ ಇದ್ದ ಒಂದು ಹಸಿರು ಚುಕ್ಕೆ, ಅಷ್ಟೇ. ಚುಕ್ಕೆ ಗೆರೆ ಬಿಟ್ಟು ಆಚೆ ಸರಿಯಿತು, ಆಮೇಲೆ ನಿಂತೇ ಹೋಯ್ತು, ಕಂಟ್ರೋಲ್ ರೂಮಲ್ಲಿ ಕೂತವರ ಮುಖ ನೋಡಿಯೇ ನಮಗೆ ಏನೋ ಆಗಿದೆ ಅಂತ ಅಂದಾಜಾದದ್ದು. ಅಷ್ಟು ದೂರದಿಂದ ನಮಗೆ ಸಿಕ್ಕೋದು ಯಂತ್ರ ಕಳಿಸಿದಷ್ಟೇ, ಉಳಿದದ್ದು ಯಾವತ್ತೂ ಸಿಕ್ಲಿಕ್ಕಿಲ್ಲ. ಈ ಸಿನಿಮಾ ನಿಂತಿರೋದೇ ಅದ್ರ ಮೇಲೆ.

ಆರು ಜನ ಗುರು ಗ್ರಹದ ಚಂದ್ರ ಯುರೋಪಾಕ್ಕೆ ಹೊರಡ್ತಾರೆ. ಅಲ್ಲಿ ಮೇಲೆ ಮಂಜುಗಡ್ಡೆ, ಅದ್ರ ಅಡಿಯಲ್ಲಿ ಸಮುದ್ರ, ಭೂಮಿಯ ಎಲ್ಲ ಸಮುದ್ರಗಳ ನೀರಿನ ಎರಡು ಪಟ್ಟು ಅಲ್ಲಿ ಇರ್ಬಹುದು ಅಂತ ವಿಜ್ಞಾನಿಗಳ ಅಂದಾಜು. ನೀರಿದ್ದಲ್ಲಿ ಜೀವ ಉಂಟಾ ಅಂತ ನೋಡ್ಲಿಕ್ಕೆ ಹೋಗೋದು. ಡೈರೆಕ್ಟರ್ ಸೆಬಾಸ್ಟಿಯನ್ ಕೊರ್ಡೆರೊ ಕ್ಯಾಮೆರಾಗಳನ್ನ ನೌಕೆಯ ಗೋಡೆಗೆ ಫಿಕ್ಸ್ ಮಾಡಿ ಇಟ್ಟಿದ್ದಾರೆ, ಕೈಯಲ್ಲಿ ಹಿಡ್ಕೊಂಡು ಓಡಿ ತಲೆ ತಿರುಗಿಸೋ ಫೌಂಡ್ ಫೂಟೇಜ್ (ಯಾರೋ ತೆಗೆದ ವಿಡಿಯೋ ಆಮೇಲೆ ಸಿಕ್ಕಿದ ಹಾಗೆ ತೋರಿಸೋ ಸಿನಿಮಾ) ಇದಲ್ಲ.

ನನ್ನನ್ನ ಹಿಡಿದು ಕೂರಿಸಿದ್ದು ಹೈಡ್ರಜೀನ್ ಸೀನ್. ಸೌರ ಬಿರುಗಾಳಿಗೆ ಸಂಪರ್ಕ ಕಟ್ಟಾಗ್ತದೆ, ರಿಪೇರಿ ಮಾಡ್ಲಿಕ್ಕೆ ಇಬ್ರು ಹೊರಗೆ ಹೋಗ್ತಾರೆ, ಅದ್ರಲ್ಲಿ ಒಬ್ಬನ ಸೂಟಿಗೆ ಹೈಡ್ರಜೀನ್ ತಾಗ್ತದೆ. ಇದು ಸಿನಿಮಾದವರು ಹುಟ್ಟಿಸಿದ ವಿಷ ಅಲ್ಲ, ಉಪಗ್ರಹಗಳ ಥ್ರಸ್ಟರಿಗೆ (ಸಣ್ಣ ಎಂಜಿನಿಗೆ) ನಿಜವಾಗಿಯೂ ಹಾಕೋ ಇಂಧನ, ಮನುಷ್ಯರಿಗೆ ಭಾರೀ ವಿಷ. ಅವ್ನು ಒಳಗೆ ಬಂದ್ರೆ ಎಲ್ಲರೂ ಹೋದ ಹಾಗೆ. ಬಾಗ್ಲು ಅಲ್ಲೇ ಉಂಟು, ಫ್ರೆಂಡ್ಸ್ ಒಳಗಿದ್ದಾರೆ, ಆದ್ರೆ ಬರುವ ಹಾಗಿಲ್ಲ. ಜೊತೆಗಿದ್ದವನನ್ನ ಏರ್‌ಲಾಕ್, ಅಂದ್ರೆ ನೌಕೆಯ ಒಳಗೆ ಹೊರಗೆ ಹೋಗೋ ಎರಡು ಬಾಗಿಲಿನ ಕೋಣೆ, ಅದ್ರ ಕಡೆಗೆ ದೂಡ್ತಾನೆ, ದೂಡಿದ ಆ ರಭಸಕ್ಕೇ ತಾನು ಹಿಂದಕ್ಕೆ ತೇಲಿ ಹೋಗ್ತಾನೆ. ವಿಲನ್ ಇಲ್ಲ, ಸ್ಫೋಟ ಇಲ್ಲ, ನ್ಯೂಟನ್ ನಿಯಮ ಒಂದೇ. ನೂರು ಕೋಟಿ ಗ್ರಾಫಿಕ್ಸ್ ಹಾಕಿದ್ರೂ ನನಗೆ ಆ ಸಂಕಟ ಆಗ್ತಿರ್ಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಕಥೆ ಹಿಂದೆ ಮುಂದೆ ಹಾರ್ತದೆ, ಯಾರು ಬದುಕಿದ್ದಾರೆ ಯಾರು ಇಲ್ಲ ಅಂತ ಮೊದ್ಲು ಗೊಂದಲ ಆಗ್ತದೆ. ನಡುವೆ ಬರೋ ಇಂಟರ್‌ವ್ಯೂಗಳೂ ಜಾಸ್ತಿ ಆಯ್ತು, ಕ್ಯಾಮೆರಾ ತೋರಿಸಿದ್ದನ್ನೇ ಅವ್ರು ಪುನಃ ಬಾಯಲ್ಲಿ ಹೇಳ್ತಾರೆ.

"ಕೊನೆಗೆ ಏನೂ ತೋರಿಸೋದಿಲ್ಲ" ಅನ್ನೋ ಮಾತು ಮಾತ್ರ ನಾನು ಒಪ್ಪೋದಿಲ್ಲ. ಕೊನೆಗೆ ಉಳಿದವಳು ತಾನು ಬದುಕೋದಿಲ್ಲ ಅಂತ ಗೊತ್ತಿದ್ದೇ ಏರ್‌ಲಾಕ್ ತೆಗೀತಾಳೆ, ಒಳಗೆ ಬಂದ ಜೀವಿ ಕ್ಯಾಮೆರಾಕ್ಕೆ ಸಿಗ್ಲಿ, ಭೂಮಿಗೆ ಮುಟ್ಟಲಿ ಅಂತ. ಒಂದು ಕ್ಷಣ ಕಾಣೋದು, ಆದ್ರೆ ಅದಕ್ಕೆ ಎಷ್ಟು ಬೆಲೆ ಕೊಟ್ಟಿದ್ದಾರೆ ಅಂತ ಅಷ್ಟೊತ್ತಿಗೆ ನಮಗೆ ಗೊತ್ತಿರ್ತದೆ.

ಅದೇ ವರ್ಷ ಡಿಸೆಂಬರಲ್ಲಿ, ಸಿನಿಮಾ ಬಂದು ಕೆಲವು ತಿಂಗಳಲ್ಲಿ, ಯುರೋಪಾದ ದಕ್ಷಿಣ ಧ್ರುವದ ಹತ್ರ ನೀರಾವಿಯ ಕುರುಹು ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೆ ಸಿಕ್ಕಿದೆ ಅಂತ ಸುದ್ದಿ ಬಂತು. ಈಗ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್ 14ಕ್ಕೆ ಹೊರಟು ದಾರಿಯಲ್ಲಿದೆ, 2030ರಲ್ಲಿ ಗುರು ಗ್ರಹ ಮುಟ್ಬೇಕು. ಮನುಷ್ಯರಿಲ್ಲ, ಇಳಿಯೋದೂ ಇಲ್ಲ, ಹತ್ತಿರದಿಂದ ಮತ್ತೆ ಮತ್ತೆ ಹಾದು ಹೋಗಿ ರೇಡಾರಲ್ಲಿ ಮಂಜುಗಡ್ಡೆಯ ಒಳಗೆ ನೋಡ್ತದೆ. ಅದ್ರ ಚಿತ್ರಗಳು ಬರ್ಲಿಕ್ಕೆ ಶುರುವಾಗೋ ಮೊದ್ಲು ಈ ಸಿನಿಮಾನ ಒಮ್ಮೆ ನೋಡಿ, ರಾತ್ರಿ ಲೈಟ್ ಆಫ್ ಮಾಡಿ ಹೆಡ್‌ಫೋನ್ ಹಾಕ್ಕೊಂಡು, ಮೊಬೈಲ್ ಬದಿಗಿಟ್ಟು.