"ಈ ಸಲ ಕ್ರಾಪಿ ಯಾಕಿಲ್ಲ?" ಅನ್ನುವವರಿಗೆ

ನನ್ನ ಮುಖ ಕಂಡ ಕೂಡಲೇ ಜನಕ್ಕೆ ಈ ಪ್ರಶ್ನೆ ನೆನಪಾಗುತ್ತದೆ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ಸುತ್ತಮುತ್ತಲ ಕನ್ನಡದವರು ಸೇರುವ ಯುಗಾದಿ ಊಟದಲ್ಲಿ ಕೇಳುತ್ತಾರೆ, ಮಕ್ಕಳ ಬರ್ತ್‌ಡೇಯಲ್ಲಿ ಕೇಳುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿ, ಎರಡು ಉಪಕರಣ ಒಳಗಿಟ್ಟು, ಆಮೇಲೆ ಕೇಳಿದರು. ಅವರೂ ಗಾಳದವರೇ. "ಈ ವರ್ಷ ಸಾರ್ಡಿಸ್‌ನಲ್ಲಿ ಕ್ರಾಪಿನೇ ಇಲ್ವಂತೆ? ಹಿಂದೆಲ್ಲಾ ಕೂಲರ್‌ಗಟ್ಟಲೆ ತಂದು ಹಂಚ್ತಿದ್ರಲ್ಲ, ಏನಾಯ್ತು?"

ಏನಾಯ್ತು ಅಂದರೆ, ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. ಇನ್ನು ಇದನ್ನೇ ಓದಿಕೊಳ್ಳಿ.

ಗೊತ್ತಿಲ್ಲದವರಿಗೆ: ಸಾರ್ಡಿಸ್ ಅಂದರೆ ಪಕ್ಕದ ಮಿಸಿಸಿಪ್ಪಿ ರಾಜ್ಯದ ಒಂದು ಜಲಾಶಯ. ಕ್ರಾಪಿ ಅಂದರೆ ಅಂಗೈಗಿಂತ ತುಸು ಅಗಲದ, ಚಪ್ಪಟೆ ಮೈಯ, ಬೆಳ್ಳಿ ಬಣ್ಣದ ಮೇಲೆ ಕಪ್ಪು ಚುಕ್ಕಿಯ ಸಿಹಿನೀರಿನ ಮೀನು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದಂತೆ ಉಚ್ಚರಿಸಿದರೆ ಅಸಹ್ಯವಾಗುತ್ತದೆ, ಹಾಗಾಗಿ ಇಲ್ಲಿಯವರು "ಕ್ರಾಪಿ" ಎಂದು ಬಾಯಿ ತುಂಬ ಎಳೆಯುತ್ತಾರೆ. ಲೂಸಿಯಾನಾದ ಫ್ರೆಂಚ್ ಮೂಲದವರು ಇದನ್ನು "ಸಾಕಲೇ" ಅನ್ನುತ್ತಾರೆ, ಹಾಲಿನ ಚೀಲ ಎಂದು ಅರ್ಥವಂತೆ. ಮೊದಲ ಸಲ ಕೇಳಿದಾಗ ನಾನು, ಇವನಿಗೆ ಸಕಲೇಶಪುರ ಹೇಗೆ ಗೊತ್ತು ಅಂದುಕೊಂಡಿದ್ದೆ. ಬಿಳಿ ಕ್ರಾಪಿ, ಕಪ್ಪು ಕ್ರಾಪಿ ಎಂದು ಎರಡು ಜಾತಿ. ಉತ್ತರ ಮಿಸಿಸಿಪ್ಪಿಯ ಕದಡು ನೀರಿನ ಜಲಾಶಯಗಳಲ್ಲಿ ಬಿಳಿಯದ್ದೇ ಕಾರುಬಾರು.

ಉತ್ತರ ಕೊಡುವ ಮುಂಚೆ ಪ್ರಶ್ನೆಯ ಧಾಟಿಯ ಬಗ್ಗೆ ಒಂದು ತಕರಾರು. ಎರಡು ವರ್ಷದ ಹಿಂದೆ ಕುಂದಾಪುರದ ಕಡೆಯ ಹಿರಿಯರೊಬ್ಬರು ಹೋಳಿಗೆಯ ತಟ್ಟೆ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ, "ಕೆರೆ ಮೀನೆಲ್ಲಾ ಇವರೇ ಖಾಲಿ ಮಾಡಿದ್ರು ಮಾರಾಯ್ರೆ" ಅಂದರು. ನಗೆ ಎದ್ದಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಬೇಸಿಗೆಯ ಮಟ್ಟದಲ್ಲಿ ಸಾರ್ಡಿಸ್ ಜಲಾಶಯ ಸುಮಾರು 32 ಸಾವಿರ ಎಕರೆ. ನನ್ನದು ಹದಿನಾರು ಅಡಿ ದೋಣಿ, ನಾಲ್ಕು ಗಾಳ, ವಾರಕ್ಕೊಂದು ಶನಿವಾರ, ಅದೂ ಮಗಳ ಭರತನಾಟ್ಯ ಕ್ಲಾಸ್ ಇಲ್ಲದಿದ್ದರೆ. ಖಾಲಿ ಮಾಡಲು ಅದೇನು ಫ್ರಿಜ್ಜೇ? ಅದೇ ಹಿರಿಯರು ಹಿಂದೊಮ್ಮೆ ನಮ್ಮ ಮನೆಯಲ್ಲಿ "ಕಾಣೆ ಮೀನಿನ ಹತ್ತಿರಕ್ಕೂ ಬರುದಿಲ್ಲ ಇದು" ಎನ್ನುತ್ತಲೇ ರವೆ ಹಚ್ಚಿ ಕರಿದ ಏಳು ತುಂಡು ಮುಗಿಸಿದ್ದರು. ನಾನು ಎಣಿಸುತ್ತಿರಲಿಲ್ಲ, ನನ್ನ ಹೆಂಡತಿ ಎಣಿಸಿದ್ದು.

ಈಗ ಉತ್ತರ. ಈ ವರ್ಷ ನಿಮ್ಮ ಗಾಳಕ್ಕೆ ಬೀಳುವ ಹನ್ನೆರಡು ಇಂಚಿನ ಕ್ರಾಪಿ ಹುಟ್ಟಿದ್ದು ಸುಮಾರು ಮೂರು ವರ್ಷದ ಹಿಂದಿನ ವಸಂತದಲ್ಲಿ. ಆ ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ನೀರು ಎಷ್ಟು ಮೇಲೆ ಹತ್ತಿತ್ತು, ಎಷ್ಟು ದಿನ ನಿಂತಿತ್ತು ಎಂದು ಕೇಳಿದರೆ ಈ ವರ್ಷದ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ. ಅಡಿಕೆ ಸಸಿ ನೆಟ್ಟು ಮರುವರ್ಷವೇ ಗೊನೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಮೀನಿನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಹೋದ ಶನಿವಾರದ ಲೆಕ್ಕ ಬೇಕು.

ಇದು ಅರ್ಥವಾಗಬೇಕಾದರೆ ಸಾರ್ಡಿಸ್ ಎಂಥ ಅಣೆಕಟ್ಟು ಎಂದು ತಿಳಿಯಬೇಕು. ನಮಗೆಲ್ಲ ಅಣೆಕಟ್ಟು ಅಂದರೆ ತುಂಬಬೇಕು. ಕೆಆರ್‌ಎಸ್ 124.80 ಅಡಿ ಮುಟ್ಟಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡುತ್ತಾರೆ. ನಮ್ಮ ಕಡೆ ಲಿಂಗನಮಕ್ಕಿ 1819ಕ್ಕೆ ಎಷ್ಟು ಅಡಿ ಬಾಕಿ ಎಂದು ನನ್ನ ಅಪ್ಪ ಪೇಪರ್ ಬಿಡಿಸಿದ ಕೂಡಲೇ ನೋಡುತ್ತಿದ್ದರು. ಇಲ್ಲಿಯದು ತಲೆಕೆಳಗು. ಸಾರ್ಡಿಸ್, ಅರ್ಕಬಟ್ಲಾ, ಈನಿಡ್, ಗ್ರೆನಡಾ ಈ ನಾಲ್ಕನ್ನೂ ಕಟ್ಟಿದ್ದು ಖಾಲಿ ಇಡುವುದಕ್ಕೆ. ನೆರೆ ಬಂದಾಗ ಹಿಡಿದುಕೊಳ್ಳಲು ಜಾಗ ಬೇಕು, ಜಾಗ ಬೇಕಾದರೆ ಮೊದಲೇ ಬರಿದು ಮಾಡಿರಬೇಕು. ಸೇನೆಯ ಎಂಜಿನಿಯರುಗಳು ಪ್ರತಿ ಶರತ್ಕಾಲದಲ್ಲಿ ತೂಬು ತೆಗೆದು ಸಾರ್ಡಿಸ್‌ನ ನೀರನ್ನು ಸಮುದ್ರಮಟ್ಟಕ್ಕಿಂತ 260 ಅಡಿ ಎತ್ತರದಿಂದ 236ಕ್ಕೆ ಇಳಿಸುತ್ತಾರೆ. ಇಪ್ಪತ್ನಾಲ್ಕು ಅಡಿ! ಮೂವತ್ತೆರಡು ಸಾವಿರ ಎಕರೆ ಇದ್ದದ್ದು ಸುಮಾರು ಹತ್ತು ಸಾವಿರಕ್ಕೆ ಕುಗ್ಗುತ್ತದೆ. ಉಳಿದದ್ದೆಲ್ಲ ಬಿರುಕು ಬಿಟ್ಟ ಕೆಸರಿನ ಬಯಲು.

ಅದನ್ನು ಕಂಡವರೆಲ್ಲ "ಅಯ್ಯೋ, ನೀರು ಬಿಟ್ಟು ಮೀನು ಕೊಂದ್ರು" ಅನ್ನುತ್ತಾರೆ. ಮೀನು ಸಾಯುವುದಿಲ್ಲ, ಉಳಿದ ನೀರಿಗೆ ಗುಂಪಾಗಿ ಇಳಿಯುತ್ತದೆ. ಕೆಲವು ತೂಬಿನಿಂದ ಆಚೆಗೂ ಹೋಗುತ್ತವೆ. ಅಣೆಕಟ್ಟಿನ ಕೆಳಗೆ ಚಳಿಯಲ್ಲಿ ಬಕೆಟ್ ಮಗುಚಿ ಕೂತಿರುವ ಅಜ್ಜಂದಿರು ಕಾಯುತ್ತಿರುವುದು ಅವಕ್ಕೇ. ಇತ್ತ ಬರಿದಾದ ಬಯಲಿನಲ್ಲಿ ಹುಲ್ಲು ಬರುತ್ತದೆ, ಕಳೆ ಬರುತ್ತದೆ, ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಗಿಡ ಬರುತ್ತದೆ, ಅಂಚಿನಲ್ಲಿ ವಿಲ್ಲೋ ಪೊದೆ ಚಿಗುರುತ್ತದೆ. ಯಾರೂ ಬಿತ್ತದ ಬೆಳೆ.

ಇನ್ನು ಮುಂದಿನದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಮೃಗಶಿರಾ ಮಳೆ ಹಿಡಿದು ಹಳ್ಳ ಉಕ್ಕಿ ಗದ್ದೆಗೆ ನೀರು ನುಗ್ಗಿದ ರಾತ್ರಿ ಹತ್ತುಮೀನಿಗೆ ಹೋದವರಿಗೆ ಎಲ್ಲಾ ಗೊತ್ತು. ಬ್ಯಾಟರಿ, ಕತ್ತಿ, ತಲೆಗೆ ಕಂಬಳಿಕೊಪ್ಪೆ. ಮೊಣಕಾಲು ನೀರಿನಲ್ಲಿ ಮೀನು ಬದು ಹಾರಿ ಹಾರಿ ಮೇಲಕ್ಕೆ ಹೋಗುತ್ತಿರುತ್ತದೆ. ಬೆಳೆದ ನದಿಯನ್ನು ಬಿಟ್ಟು, ನಿನ್ನೆಯವರೆಗೆ ಎತ್ತು ಮೇಯುತ್ತಿದ್ದ ಜಾಗಕ್ಕೆ ಯಾಕೆ ಬರುತ್ತದೆ? ಮೊಟ್ಟೆ ಇಡಲು. ತುಳುವರು "ಉಬರ್" ಅನ್ನುವುದೂ ಇದನ್ನೇ. ನನಗೆ ಸಾರ್ಡಿಸ್ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ. ಮೊದಲ ವಸಂತದಲ್ಲಿ ಮುಳುಗಿದ ಪೊದೆಗಳ ನಡುವೆ ಎರಡಡಿ ನೀರಿನಲ್ಲಿ ಕ್ರಾಪಿ ಎಳೆದಾಗ, ಅರೆ, ಇದು ನಮ್ಮ ಗದ್ದೆಯಲ್ಲವೇ ಅನ್ನಿಸಿತ್ತು.

ಮಳೆಯ ನೀರು ಮಾರ್ಚ್ ಹೊತ್ತಿಗೆ ಆ ಹುಲ್ಲಿನ ಮೇಲೆ ಹತ್ತಬೇಕು. ನೀರು ಹದಿನಾರರಿಂದ ಇಪ್ಪತ್ತು ಡಿಗ್ರಿಗೆ ಬೆಚ್ಚಗಾದಾಗ ಗಂಡು ಕ್ರಾಪಿಯ ಗದ್ದ, ಎದೆ ಕಪ್ಪಾಗುತ್ತದೆ. ಅದು ಆಳವಿಲ್ಲದ ಕಡೆ ಜಾಗ ಗುಡಿಸಿ ಕಾಯುತ್ತದೆ. ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಗಂಡು ಕಾವಲು ನಿಲ್ಲುತ್ತದೆ. ಮೊಟ್ಟೆಗಂತೂ ಯಾವ ವರ್ಷವೂ ಬರವಿಲ್ಲ. ಬರ ಬರುವುದು ಮರಿಗಳ ಹೊಟ್ಟೆಗೆ. ಮುಳುಗಿದ ಹುಲ್ಲು ಕೊಳೆತರೆ ನೀರಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಮರಿಗಳು ಅವನ್ನು ತಿಂದು ಕೊಬ್ಬುತ್ತವೆ, ದೊಡ್ಡ ಮೀನು ಬಂದರೆ ಪೊದೆಯೊಳಗೆ ನುಸುಳುತ್ತವೆ. ನೀರು ಪೊದೆಯ ಬುಡಕ್ಕೂ ಮುಟ್ಟದ ಒಣ ವಸಂತದಲ್ಲಿ ಇದೇ ಮರಿಗಳಿಗೆ ಬರಿಯ ಕೆಸರಿನ ದಡ. ಅಡಗಲು ಒಂದು ಕಡ್ಡಿ ಇಲ್ಲ.

ದಕ್ಷಿಣದ ಹಲವು ಜಲಾಶಯಗಳಲ್ಲಿ ಮೀನುಶಾಸ್ತ್ರಜ್ಞರು ಅಳೆದು ನೋಡಿ ಕಂಡುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ: ಮೊಟ್ಟೆ ಇಡುವ ಮುಂಚಿನ ಚಳಿಗಾಲ ಮತ್ತು ವಸಂತದ ಆರಂಭದಲ್ಲಿ ನೀರು ಹೆಚ್ಚಿದ್ದ ವರ್ಷ ಹುಟ್ಟಿದ ಪೀಳಿಗೆ ದೊಡ್ಡದು. ಮೀನಿನ ವಯಸ್ಸು ಹೇಗೆ ಗೊತ್ತು ಅನ್ನಬೇಡಿ. ಅದರ ತಲೆಯೊಳಗೆ ಕಿವಿಯ ಹತ್ತಿರ ಸಣ್ಣ ಕಲ್ಲುಗಳಿರುತ್ತವೆ, ಅದರಲ್ಲಿ ಮರದ ಹಾಗೆ ವರ್ಷಕ್ಕೊಂದು ಉಂಗುರ. ಒಂದು ಒಳ್ಳೆಯ ನೆರೆಯ ಪೀಳಿಗೆ ದೊಡ್ಡದಾಗಿ ಎರಡು ಮೂರು ವರ್ಷ ಎಲ್ಲರ ಕೂಲರ್ ತುಂಬಿಸುತ್ತದೆ. ಆಮೇಲೆ ಸಾಯುತ್ತದೆ, ಯಾರೂ ಹಿಡಿಯದಿದ್ದರೂ. ಕ್ರಾಪಿ ದೀರ್ಘಾಯುಷಿಯಲ್ಲ, ಐದಾರು ವರ್ಷ ದಾಟುವುದೇ ಕಡಿಮೆ. ಆ ಪೀಳಿಗೆಯ ನಂತರ ಎರಡು ಒಣ ವಸಂತ ಬಂದಿದ್ದರೆ ಮುಂದೆ ಎರಡು ವರ್ಷ ನೀವು ನನ್ನನ್ನು ಮೂದಲಿಸುತ್ತೀರಿ. ನಾನು ಹಂಚಿದ ವರ್ಷಗಳ ಕೀರ್ತಿಯೂ ನನ್ನದಲ್ಲ ಎಂದು ಇದರಿಂದ ಸಾಬೀತಾಗುತ್ತದೆ, ಆದರೆ ಆ ವಿಷಯ ಇಲ್ಲಿಗೇ ಬಿಡೋಣ.

ನೆರೆ ಬಂದ ಮಾತ್ರಕ್ಕೆ ಮೀನು ಗ್ಯಾರಂಟಿ ಎಂದೂ ಹೇಳುತ್ತಿಲ್ಲ. ಮೊಟ್ಟೆ ಇಟ್ಟ ವಾರವೇ ಉತ್ತರದ ಚಳಿಗಾಳಿ ಬೀಸಬಹುದು. ಕೆಳಗಿನ ನದಿಯಲ್ಲಿ ಜಾಗ ಸಿಕ್ಕಿತೆಂದು ಬೇಗ ನೀರು ಬಿಟ್ಟರೆ ಗೂಡುಗಳು ಗಾಳಿಗೆ ಒಡ್ಡಿಕೊಳ್ಳಬಹುದು.

ಇನ್ನೆರಡು ಉಪಪ್ರಶ್ನೆಗಳು. ಒಂದು, "ಆ ಹೊಸ ಸೋನಾರ್ ಸ್ಕ್ರೀನ್ ಬಂದ ಮೇಲೇ ಮೀನು ಹಾಳಾಯ್ತಂತೆ?" ದೋಣಿಯ ಮುಂದೆ ಟಿವಿ ಥರ ಇಟ್ಟುಕೊಂಡು ಒಂದೊಂದೇ ಮೀನನ್ನು ನೋಡಿ ಗಾಳ ಇಳಿಸುವವರನ್ನು ಕಂಡರೆ ನನಗೂ ಉರಿಯುತ್ತದೆ. ನನ್ನ ಹತ್ತಿರ ಅದಿಲ್ಲ ಎನ್ನುವುದೂ ಉರಿಗೆ ಕಾರಣವಿರಬಹುದು. ದೊಡ್ಡ ಮೀನು ಬೇಗ ಖರ್ಚಾಗಲು ಅದು ಕಾರಣವಾದೀತು, ಹುಟ್ಟದ ಮೀನಿಗೆ ಅಲ್ಲ. ಎರಡು, "ಸರ್ಕಾರ ಮರಿ ತಂದು ಬಿಡಬಾರದಾ?" ಲಕ್ಷಗಟ್ಟಲೆ ಮರಿ ತಾನೇ ಹುಟ್ಟುವ ಕಡೆ ಊಟವಿಲ್ಲ ಅನ್ನುವಾಗ ಲಾರಿಯಲ್ಲಿ ಇನ್ನಷ್ಟು ನೆಂಟರನ್ನು ಕಳಿಸಿದಂತೆ ಅದು.

ನಂಬಿಕೆ ಬರದಿದ್ದರೆ ಈನಿಡ್ ನೋಡಿ. ಬಿಳಿ ಕ್ರಾಪಿಯ ವಿಶ್ವದಾಖಲೆ ಇವತ್ತಿಗೂ ಅಲ್ಲಿಯದೇ: 5 ಪೌಂಡ್ 3 ಔನ್ಸ್, ಅಂದರೆ ಎರಡೂಕಾಲು ಕೆಜಿಗೂ ಮೇಲೆ, ಜುಲೈ 1957. ಈನಿಡ್ ಅಣೆಕಟ್ಟು ಮುಗಿದದ್ದು 1952ರಲ್ಲಿ. ಹೊಸದಾಗಿ ಕಾಡು, ಹೊಲ ಮುಳುಗಿದ ಜಲಾಶಯದ ಮೊದಲ ಕೆಲವು ವರ್ಷ ಮೀನಿಗೆ ಮದುವೆಮನೆ. ಆಮೇಲೆ ಎಷ್ಟು ಬೋಟು, ಎಷ್ಟು ಸ್ಕ್ರೀನು, ಎಷ್ಟು ಟೂರ್ನಮೆಂಟು! ಆ ಮೀನನ್ನು ದಾಟಿದ್ದು ಯಾರಿಗೂ ಸಿಕ್ಕಿಲ್ಲ.

ಕಾಡು, ಹೊಲ ಮುಳುಗಿದ ಅಂದೆನಲ್ಲ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಯಾರ ಹೊಲ ಎಂದು ಕೇಳಿಲ್ಲ. ನಾನಾದರೆ ಅದನ್ನೇ ಮೊದಲು ಕೇಳುತ್ತಿದ್ದೆ. ಶರಾವತಿ ಹಿನ್ನೀರಿನ ಅಂಚಿನಲ್ಲಿ ಬೆಳೆದವರಿಗೆ ಈ ಚಟ ಹೋಗುವುದಿಲ್ಲ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದರೆ ಹಳೆಯ ಹಿರೇಭಾಸ್ಕರ ಅಣೆಕಟ್ಟು ಎದ್ದು ಬರುತ್ತಿತ್ತು, ಜನ ನೋಡಲು ಹೋಗುತ್ತಿದ್ದರು. ನಮ್ಮ ಅಜ್ಜಿ ಮಾತ್ರ ಬರುತ್ತಿರಲಿಲ್ಲ. ಅವಳ ತವರು ಆ ನೀರಿನೊಳಗಿತ್ತು.

ಏಪ್ರಿಲ್ 1927ರಲ್ಲಿ ಮಿಸಿಸಿಪ್ಪಿ ನದಿ ಗ್ರೀನ್‌ವಿಲ್ ಪಟ್ಟಣದ ಉತ್ತರಕ್ಕೆ ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ದಡದ ಮಣ್ಣಿನ ಏರಿಯನ್ನು ಒಡೆದು ಡೆಲ್ಟಾ ಎಂಬ ಹತ್ತಿಯ ಸೀಮೆಗೆ ನುಗ್ಗಿತು. ಆ ವರ್ಷದ ನೆರೆಗೆ ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಹತ್ತಿ ಬಿಡಿಸುತ್ತಿದ್ದ ಕಪ್ಪು ಜನ ವಾರಗಟ್ಟಲೆ ಏರಿಯ ಮೇಲೆ ಡೇರೆಗಳಲ್ಲಿ ಬಿದ್ದಿದ್ದರು, ಕೂಲಿಯವರು ತಪ್ಪಿಸಿಕೊಂಡಾರೆಂದು ಅವರ ಸುತ್ತ ಕಾವಲಿತ್ತು. ಅದಾದ ಮೇಲೆ ನೆರೆ ತಡೆಯುವ ದೊಡ್ಡ ಕಾನೂನುಗಳು, ಯೋಜನೆಗಳು ಬಂದವು. ಡೆಲ್ಟಾಕ್ಕೆ ಇಳಿಯುವ ಉಪನದಿಗಳನ್ನು ಪೂರ್ವದ ಗುಡ್ಡಗಳಲ್ಲೇ ತಡೆಯಬೇಕೆಂದು ಸಾರ್ಡಿಸ್ 1940ರಲ್ಲಿ, ಅರ್ಕಬಟ್ಲಾ 1943ರಲ್ಲಿ, ಆಮೇಲೆ ಈನಿಡ್, 1954ಕ್ಕೆ ಗ್ರೆನಡಾ ಎದ್ದವು. ಕೆಳಗಿನವರ ಹೊಲ ಒಣಗಿರಲಿ ಎಂದು ಮೇಲಿನ ಗುಡ್ಡದ ರೈತರ ತಗ್ಗು ಹೊಲ ನೀರಿಗೆ ಹೋಯಿತು. ಅದಕ್ಕೂ ನೂರು ವರ್ಷ ಮೊದಲು, 1832ರ ಒಪ್ಪಂದದಲ್ಲಿ, ಆ ನೆಲ ಚಿಕಸಾ ಎಂಬ ಮೂಲನಿವಾಸಿ ಜನರ ಕೈಬಿಟ್ಟಿತ್ತು. ನಾವು ಕ್ರಾಪಿ ಎಳೆಯುವ ಪೊದೆಯ ಕೆಳಗೆ ಯಾರೋ ಜೋಳ ಬಿತ್ತಿದ್ದ ನೆಲವಿದೆ.

ಡಿಸೆಂಬರ್‌ನಲ್ಲಿ ನಾನು ಅಲ್ಲಿಗೆ ಗಾಳ ಇಲ್ಲದೆ ಹೋಗುತ್ತೇನೆ. ಕೆಸರು ಗಟ್ಟಿಯಾಗಿರುತ್ತದೆ, ಮೈಲುಗಟ್ಟಲೆ ನಡೆಯಬಹುದು. ಸಾಲು ಸಾಲು ಮರದ ಬುಡಗಳು, ಎರಡು ಇಟ್ಟಿಗೆ. ನೀರಿನೊಳಕ್ಕೆ ನೇರವಾಗಿ ಇಳಿದು ಹೋಗುವ ಹಳೆಯ ರಸ್ತೆಯೂ ಒಂದಿದೆ. ಹುಲ್ಲು ಎಷ್ಟೆತ್ತರ ಬಂದಿದೆ, ಯಾವ ಮಟ್ಟದಲ್ಲಿ ಪೊದೆ ಶುರುವಾಗುತ್ತದೆ ಎಂದು ಫೋನಿನಲ್ಲಿ ಗುರುತು ಮಾಡಿಕೊಂಡು ಬರುತ್ತೇನೆ. ಪ್ಯಾಂಟಿನ ತುಂಬ ಅಂಟಿದ ಮುಳ್ಳುಕಾಯಿ ಕೀಳಲು ಅರ್ಧ ಗಂಟೆ ಬೇಕು. "ಮೀನು ಸಿಕ್ತಾ?" ಎಂದು ಮನೆಯಲ್ಲೂ ಕೇಳುತ್ತಾರೆ.

ಅರ್ಕಬಟ್ಲಾಕ್ಕೆ ಹೋಗೋಣವೇ ಎಂದು ಕೇಳುವವರು ನೆನಪಿಡಿ: 2023ರ ಮೇ ತಿಂಗಳಲ್ಲಿ ಆ ಅಣೆಕಟ್ಟು ಒಡೆಯಬಹುದೆಂಬ ಭಯ ಹುಟ್ಟಿ ನೀರು ಇಳಿಸಿದರು. ನೀರು ಹುಲ್ಲಿಗೆ ಹತ್ತದ ಕಡೆ ಏನಾಗುತ್ತದೆ ಎಂದು ಮೇಲೆ ಬರೆದಿದ್ದೇನೆ, ಮತ್ತೆ ಹೇಳಿಸಬೇಡಿ.

ಮಾರ್ಚ್ ಕೊನೆಗೆ ನನ್ನ ಜೊತೆ ಬರುವವರು ಮಿಸಿಸಿಪ್ಪಿಯ ಲೈಸೆನ್ಸ್ ಮೊದಲೇ ಮಾಡಿಸಿಕೊಳ್ಳಿ, ಟೆನೆಸಿಯದು ಅಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಹೊರಡುವುದು. ಚಿತ್ರಾನ್ನ ತನ್ನಿ, ಪರಿಮಳದ ಸನ್‌ಸ್ಕ್ರೀನ್ ಬೇಡ. ಕೂಲರ್ ನಿಮ್ಮದೇ ತನ್ನಿ. ಕಳೆದ ಸಲ ಕುಂದಾಪುರದವರು ಒಯ್ದ ನನ್ನ ಕೂಲರ್ ಇನ್ನೂ ವಾಪಸ್ ಬಂದಿಲ್ಲ.