ಡಸ್ಟರ್‌ಗೆ 225/70 ಟೈರು: ಎಡ ಮುಂಚಕ್ರದ ಉಜ್ಜಾಟಕ್ಕೆ ಮೂಲ ಸಿಕ್ಕಿತು

ಕೊನೆಗೂ ಸಿಕ್ಕಿತು. ಎಡ ಮುಂಚಕ್ರ ಗರ್ರೆಂದು ಉಜ್ಜುತ್ತಿದ್ದದ್ದಕ್ಕೆ ಕಾರಣ ಟೈರಿನ ಅಳತೆಯಲ್ಲ, ರಿಮ್ಮಿನ ಆಫ್‌ಸೆಟ್ಟೂ (ರಿಮ್ಮು ಎಷ್ಟು ಒಳಗೆ ಕೂರುತ್ತದೆಂಬ ಅಳತೆ) ಅಲ್ಲ. ಚಕ್ರವನ್ನು ಬಾಡಿಗೆ ಹಿಡಿದಿಡುವ ಕೆಳಗಿನ ಆರ್ಮ್‌ನ ಹಿಂದಿನ ಬುಷ್, ಅಂದರೆ ರಬ್ಬರಿನ ಕೀಲು, ಹೋಗಿತ್ತು. ಅದನ್ನು ಹಿಡಿಯುವಷ್ಟರಲ್ಲಿ ಲೈನರ್ (ಚಕ್ರದ ಗೂಡಿನ ಪ್ಲಾಸ್ಟಿಕ್ ಹೊದಿಕೆ) ಕಾಯಿಸಿ ಬಗ್ಗಿಸಿದ್ದಾಯಿತು, ಬೆಸುಗೆ ಅಂಚು ತಟ್ಟಿದ್ದಾಯಿತು, ಅಲೈನ್‌ಮೆಂಟ್ ಎರಡು ಸಲ ಆಯಿತು. ದೊಡ್ಡ ಟೈರು ಹಾಕಿ ಇದೇ ಸದ್ದು ಕೇಳುತ್ತಿರುವವರು ಮೊದಲು ಬುಷ್ ನೋಡಲಿ, ಆಮೇಲೆ ಸುತ್ತಿಗೆ ಎತ್ತಲಿ ಎಂದೇ ಇಷ್ಟು ವಿವರ.

ಗಾಡಿ ಹಳೆಯ ಡಸ್ಟರ್ ಆಲ್ ವೀಲ್ ಡ್ರೈವ್. 1.5 ಡೀಸೆಲ್, ಆರು ಗೇರು, 6.5 ಜೆ (ಇಂಚು) ಅಗಲದ ಇಟಿ 50 ರಿಮ್ಮು, ಇಟಿ ಎಂದರೆ ಆಫ್‌ಸೆಟ್. ಕಂಪನಿಯ ಟೈರು 215/65 ಆರ್16 (ಅಗಲ ಮಿ.ಮೀ.ನಲ್ಲಿ, ಪಕ್ಕೆಯ ಎತ್ತರ ಅಗಲದ ಶೇಕಡಾವಾರು, ರಿಮ್ಮು ಇಂಚಿನಲ್ಲಿ), ವ್ಯಾಸ 686 ಮಿ.ಮೀ. ಈಗ ಕೂತಿರುವುದು 225/70 ಆರ್16 ಎ.ಟಿ. (ಕಚ್ಚಾ ದಾರಿಗೂ ಆಗುವ ಆಲ್ ಟೆರೇನ್), ವ್ಯಾಸ 721 ಮಿ.ಮೀ. ಲೆಕ್ಕದಲ್ಲಿ ಶೇ 5.2 ಹೆಚ್ಚು, ನೆಲದಿಂದ ಎತ್ತರ ಸಿಗುವುದು ವ್ಯತ್ಯಾಸದ ಅರ್ಧ, ಸುಮಾರು 18 ಮಿ.ಮೀ. 215/70 ಹಾಕಿದ್ದರೆ ರಗಳೆ ಕಮ್ಮಿ, ಆದರೆ ಎತ್ತರವೂ 11 ಮಿ.ಮೀ.ಗೇ ನಿಲ್ಲುತ್ತಿತ್ತು. 235/70 ಬೇಡವೆಂದದ್ದು ಜಾಗದ ಕಾರಣಕ್ಕಷ್ಟೇ ಅಲ್ಲ. ಈ ಗಾಡಿಗೆ ಲೋ ರೇಂಜ್ (ನಿಧಾನಕ್ಕೆ ತೆವಳಲು ಬೇರೆ ಗೇರು ಜೋಡಿ) ಇಲ್ಲ. ಅದರ ಜೀವಾಳವೆಲ್ಲ ಆ ಗಿಡ್ಡ ಮೊದಲ ಗೇರು: ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಗಂಟೆಗೆ 5.79 ಕಿ.ಮೀ. 225/70ರಲ್ಲಿ ಅದು 6.09 ಆಗುತ್ತದೆ, 235/70ರಲ್ಲಿ 6.21. ಬಿಸಿಲೆ ಘಾಟಿ ಕಡೆಯ ಒದ್ದೆ ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ತೆವಳಿಕೊಂಡು ಇಳಿಯಬೇಕೆನ್ನುವವರಿಗೆ ಈ ಸಣ್ಣ ಅಂಕಿಗಳೇ ದೊಡ್ಡವು.

ಟೈರು ತರಿಸುವುದರಲ್ಲೇ ಮೊದಲ ಕಿರಿಕಿರಿ. ಐದು ಕೇಳಿದರೆ ಐದೂ ಬಂದವು. ಆದರೆ ಪಕ್ಕೆಯ ಮೇಲಿನ ತಯಾರಿಕೆಯ ನಾಲ್ಕಂಕಿ ಓದಿದಾಗ ಮೂರು ಹೊಸವು, ಎರಡು ಅವಕ್ಕಿಂತ ಎರಡು ವರ್ಷ ಹಳೆಯವು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಯವರಿಗೂ ಗೊತ್ತು, ಆದರೂ 'ಎಲ್ಲ ಒಂದೇ ಸಾರ್, ಗೋದಾಮಿನಲ್ಲಿ ಇಟ್ಟಿದ್ದು' ಎಂಬ ಮಾತು. ಟೂ ವೀಲ್ ಡ್ರೈವ್ ಗಾಡಿಯಾಗಿದ್ದರೆ ವಾದ ಬಿಟ್ಟುಬಿಡಬಹುದಿತ್ತು. ಇಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಕ್ಲಚ್ ಪ್ಲೇಟಿನ ಕಪ್ಲಿಂಗ್ ಇದೆ. ಎರಡೂ ಆಕ್ಸಲ್ ಜೋಡಿಸುವ ಲಾಕ್ ಹಾಕಿದಾಗ ನಾಲ್ಕೂ ಚಕ್ರ ಒಂದೇ ಸುತ್ತಳತೆಯವಾಗಿರಬೇಕು, ಇಲ್ಲದಿದ್ದರೆ ಆ ಪ್ಲೇಟುಗಳು ಜಾರುತ್ತಾ ಬಿಸಿಯೇರುತ್ತವೆ. ಟ್ರೆಡ್ 3 ಮಿ.ಮೀ. ಸವೆದರೆ ಸುತ್ತಳತೆ ಸುಮಾರು 19 ಮಿ.ಮೀ. ಕಡಿಮೆಯಾಗುತ್ತದೆ, 2266 ಮಿ.ಮೀ. ಸುತ್ತಳತೆಯ ಟೈರಿಗೆ ಅದು ಶೇ 0.8. ಹಾಗಾಗಿ ಎರಡನ್ನೂ ವಾಪಸ್ ಕಳಿಸಿ, ಒಂದೇ ವರ್ಷದ ಐದು ಕೈಗೆ ಬಂದ ಮೇಲೆ, ಎಲ್ಲಕ್ಕೂ 33 ಪಿ.ಎಸ್.ಐ. ಗಾಳಿ ಹಿಡಿಸಿ, ಹೊಲಿಗೆಯವರ ಟೇಪು ಸುತ್ತಿ ಅಳೆದೇ ಹಾಕಿದ್ದು. ಲೋಡ್ ಇಂಡೆಕ್ಸ್ 98ರಿಂದ 103ಕ್ಕೆ ಏರಿತು, ಅಂದರೆ ಚಕ್ರ ಹೊರಬಲ್ಲ ಭಾರ 750 ಕೆ.ಜಿ.ಯಿಂದ 875 ಕೆ.ಜಿ.ಗೆ. ಟೈರಿನ ತೂಕ ಮಾತ್ರ ಒಂದೊಂದಕ್ಕೆ ಸುಮಾರು 3 ಕೆ.ಜಿ. ಜಾಸ್ತಿ. ಸ್ಟೀರಿಂಗಿನಲ್ಲೂ ಬ್ರೇಕಿನಲ್ಲೂ ಅದು ಗೊತ್ತಾಗುತ್ತದೆ.

ಲಿಫ್ಟ್, ಅಂದರೆ ಬಾಡಿ ಎತ್ತರಿಸಿದ್ದು, 20 ಮಿ.ಮೀ.; ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಮೇಲೆ ಕೂರುವ ಅಲ್ಯೂಮಿನಿಯಂ ಸ್ಪೇಸರ್. ಸ್ಟ್ರಟ್ ಇಳಿಸಿ ಹತ್ತಿಸುವ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಆದರೆ ಎತ್ತರದ ಸ್ಪ್ರಿಂಗ್ ಬದಲು ಸ್ಪೇಸರ್ ಯಾಕೆ ಎನ್ನುವುದು ಮುಂದಿನ ಕತೆಗೆ ಬೇಕು. ಎತ್ತರದ ಸ್ಪ್ರಿಂಗ್ ಹಾಕಿದರೆ ನಿಂತಾಗ ಗಾಡಿ ಮೇಲೇಳುತ್ತದೆ, ಸರಿ. ಆದರೆ ಚಕ್ರ ಗುಂಡಿಯಲ್ಲಿ ಪೂರ್ತಿ ಒತ್ತಿದಾಗ ಎಲ್ಲಿ ನಿಲ್ಲಬೇಕೆಂದು ಹೇಳುವುದು ಸ್ಟ್ರಟ್‌ನೊಳಗಿನ ಬಂಪ್ ಸ್ಟಾಪ್. ಅದು ಇದ್ದಲ್ಲೇ ಇರುತ್ತದೆ. ದೊಡ್ಡ ಟೈರು ಮೊದಲಿನಷ್ಟೇ ಮೇಲಕ್ಕೆ ಹೋಗಿ ಆರ್ಚಿಗೆ ತಾಗುತ್ತದೆ. ಸ್ಪೇಸರ್ ಹಾಕಿದರೆ ಸ್ಟ್ರಟ್ ಪೂರ್ತಿ 20 ಮಿ.ಮೀ. ಕೆಳಗಿಳಿಯುತ್ತದೆ, ಬಂಪ್ ಸ್ಟಾಪ್ ಸಮೇತ. ಅದಕ್ಕೆ ತೆರುವ ಬೆಲೆ ಇನ್ನೊಂದು ತುದಿಯಲ್ಲಿ: ಚಕ್ರ ಜೋತುಬಿದ್ದಾಗ ಡ್ರೈವ್ ಶಾಫ್ಟಿನ ಕೋನ ಅಷ್ಟೇ ಹೆಚ್ಚುತ್ತದೆ, ಅದರ ಕೀಲು ಮುಚ್ಚುವ ರಬ್ಬರ್ ಬೂಟುಗಳ ಮಡಿಕೆ ಬೇಗ ಬಿರಿಯುತ್ತವೆ. 40 ಮಿ.ಮೀ. ಸ್ಪೇಸರ್ ಮಾರುವವರು ಈ ಮಾತನ್ನು ಬಾಯಿ ಬಿಡುವುದಿಲ್ಲ.

ಇನ್ನು ಆ ಸದ್ದು. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಇಳಿಜಾರು ಇಳಿಯುವಾಗ ಎಡ ಮುಂಚಕ್ರದ ಒಳಭುಜ ಲೈನರ್‌ನ ಹಿಂಗೋಡೆಗೆ ಉಜ್ಜುತ್ತಿತ್ತು. ಸಮನೆಲದಲ್ಲಿ ನಿಲ್ಲಿಸಿ ಫುಲ್ ಲಾಕ್ (ಸ್ಟೀರಿಂಗ್ ತುದಿಯ ತನಕ ತಿರುಗಿಸುವುದು) ಮಾಡಿದರೆ ಟೈರಿಗೂ ಲೈನರ್‌ಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗುತ್ತದೆ. ಏರುವಾಗ ಸದ್ದಿಲ್ಲ. ಬಲಗಡೆ ಸದ್ದೇ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದು. ಲೈನರ್ ಕ್ಲಿಪ್ ತೆಗೆದು, ಹಿಂದಿರುವ ಶೀಟಿನ ಬೆಸುಗೆ ಅಂಚನ್ನು ಮರದ ತುಂಡು ಇಟ್ಟು ತಟ್ಟಿ ಮಡಿಸಿ, ಬಣ್ಣ ಬಿರಿದಲ್ಲಿ ಪ್ರೈಮರ್ ಮತ್ತು ಅಂಡರ್‌ಕೋಟ್ ಹಚ್ಚಿ, ಲೈನರನ್ನು ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ 8 ಮಿ.ಮೀ. ಹಿಂದಕ್ಕೆ ಒತ್ತಿ, ತಣ್ಣಗಾಗುವ ತನಕ ಮರದ ತುಂಡಿನಲ್ಲಿ ಹಿಡಿದಿದ್ದು. ಗನ್ನನ್ನು ಒಂದೇ ಕಡೆ ಹಿಡಿದರೆ ಪ್ಲಾಸ್ಟಿಕ್ ಮಿನುಗಿ ತೆಳ್ಳಗಾಗಿ ತೂತು ಬೀಳುತ್ತದೆ. ಕೈ ಆಡಿಸುತ್ತಲೇ ಇರಬೇಕು. ಲೈನರ್ ಕತ್ತರಿಸುವುದು ಬೇಡವೇ ಬೇಡ. ಮಲೆನಾಡಿನ ಕೆಸರು ಒಳಗೆ ಹೋಗಿ ಶೀಟಿನ ಮೇಲೆ ಕೂತರೆ ಎರಡೇ ಮಳೆಗಾಲ ಸಾಕು, ಅಂಚು ತುಕ್ಕು ಹಿಡಿದು ಪದರಪದರವಾಗಿ ಏಳುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ.

ಅಲೈನ್‌ಮೆಂಟ್ ಅಂಗಡಿಯ ಸಲಹೆ: ಇಟಿ ಕಡಿಮೆ ಇರುವ ರಿಮ್ಮು ಹಾಕಿ, ಟೈರು ಹೊರಗೆ ಬರುತ್ತದೆ. ಸ್ಟ್ರಟ್‌ಗೆ ತಾಗುತ್ತಿದ್ದರೆ ಒಪ್ಪುವ ಮಾತು. ಆದರೆ ಟೈರು ಹೊರಗೆ ಹೋದಷ್ಟೂ ಸ್ಟೀರಿಂಗ್ ತಿರುಗಿಸಿದಾಗ ಅದು ಸುತ್ತುವ ವೃತ್ತ ದೊಡ್ಡದಾಗುತ್ತದೆ. ಎಡಕ್ಕೆ ತಿರುಗಿಸಿದರೆ ಎಡಚಕ್ರ ಇನ್ನಷ್ಟು ಹಿಂದಕ್ಕೆ ಬರುತ್ತದೆ, ಸರಿಯಾಗಿ ಉಜ್ಜುವ ಗೋಡೆಯ ಕಡೆಗೇ. ಸ್ಟೀರಿಂಗ್ ರ‍್ಯಾಕ್‌ಗೆ ವಾಷರ್ ಹಾಕಿ ಚಕ್ರ ತಿರುಗುವ ಲಾಕ್ ಕಡಿಮೆ ಮಾಡುವ ದಾರಿಯೂ ಇದೆ. ಹೇರ್‌ಪಿನ್ ತಿರುವುಗಳ ಘಾಟಿಯಲ್ಲಿ ಓಡುವ ಗಾಡಿಗೆ ಅದು ಬೇಡ.

ಕಡೆಗೆ ಸೀಮೆಸುಣ್ಣ ದಾರಿ ತೋರಿತು. ಟೈರಿನ ಒಳಭುಜಕ್ಕೆ ಬಿಳಿ ಸೀಮೆಸುಣ್ಣ ದಪ್ಪಗೆ ತಿಕ್ಕಿ, ಲೈನರ್ ಒರೆಸಿ ಕಪ್ಪಗೆ ಮಾಡಿ, ಖಾಸಗಿ ತೋಟದ ದಾರಿಯಲ್ಲಿ ಮೂರು ಪರೀಕ್ಷೆ. ಮೊದಲನೆಯದು: ಬಲ ಹಿಂಚಕ್ರ ದಿಬ್ಬದ ಮೇಲೆ ಹತ್ತಿಸಿ ಎಡ ಮುಂಚಕ್ರ ಪೂರ್ತಿ ಒತ್ತುವಂತೆ ಮಾಡಿ, ಫುಲ್ ಲಾಕಿನಲ್ಲಿ ಒಂದು ಮಾರು ಉರುಳಿಸಿದ್ದು. ಲೈನರ್ ಮೇಲೆ ಗುರುತಿಲ್ಲ. ಹಾಗಾದರೆ ತಪ್ಪು ಸಸ್ಪೆನ್ಷನ್ ಒತ್ತುವುದರಲ್ಲಿಲ್ಲ, ಲಿಫ್ಟ್ ತನ್ನ ಕೆಲಸ ಮಾಡುತ್ತಿದೆ. ಎರಡನೆಯದು: ಅದೇ ಲಾಕು, ಇಳಿಜಾರು, ಮೊದಲ ಗೇರಿನಲ್ಲಿ ಬ್ರೇಕು ಮುಟ್ಟದೆ. ಗುರುತಿಲ್ಲ. ಮೂರನೆಯದು: ಅದೇ ಜಾಗ, ಅದೇ ವೇಗ, ಮಧ್ಯೆ ಒಮ್ಮೆ ಬ್ರೇಕು. ಗರ್ರ್. ಇಳಿದು ಟಾರ್ಚ್ ಹಾಕಿದರೆ ಲೈನರ್ ಮೇಲೆ ಎರಡು ಬೆರಳಗಲದ ಬಿಳಿ ಪಟ್ಟಿ, ಅದರೊಳಗೆ ಟ್ರೆಡ್ಡಿನ ಗೀಟು ಸಹಿತ ಅಚ್ಚೊತ್ತಿದ ಹಾಗೆ.

ಬ್ರೇಕು ಒತ್ತಿದಾಗ ನೆಲ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ, ಬಾಡಿ ಮುಂದಕ್ಕೆ ತಳ್ಳುತ್ತದೆ. ಆ ಎಳೆತ ತಡೆಯುವುದು ಕೆಳಗಿನ ಆರ್ಮು ಮತ್ತು ಅದರ ಎರಡು ಬುಷ್. ಹಿಂದಿನ ಬುಷ್ಷನ್ನು ಮೆತ್ತಗೇ ಮಾಡಿರುತ್ತಾರೆ, ರಸ್ತೆಯ ಹೊಡೆತ ನುಂಗಲೆಂದು. ರಬ್ಬರ್ ಹರಿದರೆ ಚಕ್ರವೇ ಹಿಂದಕ್ಕೆ ಸರಿಯುತ್ತದೆ. 215/65ರ ಕಾಲದಲ್ಲಿ ಸರಿದರೂ ಜಾಗವಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೈರಿನ ತ್ರಿಜ್ಯ 18 ಮಿ.ಮೀ. ಹೆಚ್ಚಾದ ಮೇಲೆ ಆ ಜಾಗ ಮುಗಿಯಿತು. ಆರ್ಮಿನ ಕೆಳಗೆ ಸಣ್ಣ ಹಾರೆ ಕೊಟ್ಟು ಮೀಟಿದಾಗ ಬಲಗಡೆ ಅಲ್ಲಾಡಲಿಲ್ಲ. ಎಡಗಡೆ ರಬ್ಬರು ಬಾಯಿ ತೆರೆದು, ಆರ್ಮು ಕಣ್ಣಿಗೆ ಕಾಣುವಂತೆ 6-7 ಮಿ.ಮೀ. ಸರಿಯಿತು. ಬುಷ್ ಅಂಚಿನಿಂದ ಕಾಲುಭಾಗ ಸುತ್ತು ಸೀಳಿತ್ತು, ಸೀಳಿನೊಳಗೆ ಕೆಮ್ಮಣ್ಣು ತುಂಬಿತ್ತು. ಎಡಗಡೆಯೇ ಯಾಕೆ? ಎದುರಿಗೆ ಬಸ್ಸು ಬಂದಾಗಲೆಲ್ಲ ಡಾಂಬರಿನ ಅಂಚಿನಿಂದ ಕೆಳಗಿಳಿಯುವುದು ಎಡಚಕ್ರವೇ.

ಆ ಸೀಳು ಬೇಗ ಬೆಳೆಯಲು ಲಿಫ್ಟಿನ ಪಾಲೂ ಇದೆ, ಇದನ್ನು ಗಮನಿಸಿ. ಈ ಬುಷ್‌ಗಳಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಆರ್ಮು ಯಾವ ಕೋನದಲ್ಲಿತ್ತೋ ಅದೇ ರಬ್ಬರಿಗೆ ವಿಶ್ರಾಂತಿಯ ಕೋನ. 20 ಮಿ.ಮೀ. ಲಿಫ್ಟ್ ಹಾಕಿ ಬೋಲ್ಟ್ ಮುಟ್ಟದೆ ಬಿಟ್ಟರೆ ಗಾಡಿ ಸುಮ್ಮನೆ ನಿಂತಾಗಲೂ ರಬ್ಬರು ತಿರುಚಿಕೊಂಡೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು, ಗಾಡಿಯನ್ನು ಗ್ಯಾರೇಜಿನ ಎತ್ತುವ ಯಂತ್ರಕ್ಕೆ ಏರಿಸಿ, ಚಕ್ರ ಜೋತುಬಿದ್ದಿರುವಾಗಲೇ ಬಿಗಿ ಮಾಡುವುದು. ಗ್ಯಾರೇಜುಗಳಲ್ಲಿ ಇದು ದಿನನಿತ್ಯ ನಡೆಯುತ್ತದೆ. ಹೊಸ ಬುಷ್ ಹಾಕಿದ ಮೇಲೆ ಬೋಲ್ಟುಗಳನ್ನು ಕೈಬಿಗಿಗೆ ನಿಲ್ಲಿಸಿ, ಚಕ್ರ ನೆಲಕ್ಕಿಳಿಸಿ, ಗಾಡಿಯ ಮೂತಿಯನ್ನು ನಾಲ್ಕು ಸಲ ಒತ್ತಿ ಕೂರಿಸಿ, ಆಮೇಲೆ ಕೆಳಗೆ ನುಗ್ಗಿ ಬಿಗಿ ಮಾಡಬೇಕು. ಗ್ಯಾರೇಜಿನ ಹೊಂಡದ ಮೇಲೆ ನಿಲ್ಲಿಸಿದರೆ ಈ ಕೆಲಸ ಹತ್ತು ನಿಮಿಷದ್ದು.

ಬುಷ್ ಹುಡುಕುವುದು ಮಾತ್ರ ಹತ್ತು ನಿಮಿಷದ್ದಲ್ಲ. ಈ ಡಸ್ಟರ್ ಇಲ್ಲಿ ಮಾರಾಟ ನಿಂತು ವರ್ಷಗಳಾದವು. ಒಂದು ಅಂಗಡಿ ಬುಷ್ ಬೇರೆ ಕೊಡುವುದಿಲ್ಲ, ಆರ್ಮ್ ಸಮೇತ ತಗೋ ಎನ್ನುತ್ತದೆ. ಇನ್ನೊಂದು ಅಂಗಡಿಯ ಡಬ್ಬಿಯಲ್ಲಿದ್ದ ಬುಷ್ಷಿನ ಹೊರಬಳೆ ಆರ್ಮಿನ ಕಣ್ಣಿಗಿಂತ (ಬುಷ್ ಕೂರುವ ತೂತು) ಕಿರಿದಾಗಿತ್ತು, ಕೈಯಲ್ಲೇ ಜಾರಿ ಕೂತಿತು. ಪ್ರೆಸ್ಸಿಗೆ ಇಡದೆ ಕೂರುವ ಬುಷ್ ಬುಷ್ಷೇ ಅಲ್ಲ, ಅದು ಕೆಸರಿನಲ್ಲಿ ತಿರುಗಿ ಹೊರಬರುತ್ತದೆ. ಕೊನೆಗೆ ಎರಡೂ ಕಡೆಗೆ ಪೂರ್ತಿ ಆರ್ಮನ್ನೇ ತಂದಿದ್ದು, ಬಾಲ್ ಜಾಯಿಂಟ್ ಜೊತೆಗೇ ಬಂತು. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕು ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯಬಹುದು.

ಕೆಳಗೆ ಮಲಗಿದ್ದಾಗ ಮುಂದಿನ ಕೆಲಸವೂ ಕಣ್ಣಿಗೆ ಬಿತ್ತು: ಎಂಜಿನ್ ಅಡಿಯ ತಗಡು. ಅದರ ತುಂಬ ಮುರಕಲ್ಲಿನ ಗೀರು. 800 ಗುಣಿಸು 600 ಮಿ.ಮೀ. ಪ್ಲೇಟನ್ನು 3 ಮಿ.ಮೀ. ಉಕ್ಕಿನಲ್ಲಿ ಮಾಡಿಸಿದರೆ 11.3 ಕೆ.ಜಿ.; 5 ಮಿ.ಮೀ. ಅಲ್ಯೂಮಿನಿಯಂ 6.5 ಕೆ.ಜಿ. ಈಗಾಗಲೇ ಭಾರದ ಟೈರು ಹೊತ್ತಿರುವ ಮೂತಿಗೆ ಅಲ್ಯೂಮಿನಿಯಮ್ಮೇ ಸರಿ. ಆಯಿಲ್ ಇಳಿಸುವ ತೂತು, ಕೆಸರು ತೊಳೆದು ಹೊರಹಾಕಲು ಹಿಂದಂಚಿನಲ್ಲಿ ಉದ್ದನೆಯ ಸೀಳು ಎರಡು. ರಟ್ಟಿನಲ್ಲಿ ನಮೂನೆ ಕತ್ತರಿಸಿ ಆಗಿದೆ. ಬಗ್ಗಿಸುವ ಮೂಲೆ ಬಿರಿಯದಂತೆ ಒಳತ್ರಿಜ್ಯ ಎಷ್ಟು ಬಿಡಬೇಕೆಂದು ಫ್ಯಾಬ್ರಿಕೇಶನ್‌ನವರ ಜೊತೆ ಕೂತು ತೀರ್ಮಾನಿಸಬೇಕು.

ಹೊಸ ಆರ್ಮು, ಹೊಸ ಅಲೈನ್‌ಮೆಂಟ್ ಆದ ಮೇಲೆ ಅದೇ ಇಳಿಜಾರು, ಅದೇ ಸೀಮೆಸುಣ್ಣ, ಅದೇ ಬ್ರೇಕು. ಲೈನರ್ ಕಪ್ಪಗೇ ಉಳಿಯಿತು. ಆರು ಸಲ ಇಳಿದರೂ ಕಪ್ಪಗೇ! ಕೆಸರಿಗೆಂದು ಗಾಳಿ 20 ಪಿ.ಎಸ್.ಐ.ಗೆ ಇಳಿಸಿದಾಗ ಪಕ್ಕೆ ಉಬ್ಬಿ ಸ್ಟ್ರಟ್ ಕಡೆಯ ಸಂದು ಕಿರಿದಾಗುತ್ತದೆ, ಅಲ್ಲಿಯೂ ಗುರುತಿಲ್ಲ. 18ಕ್ಕಿಂತ ಕೆಳಗೆ ಈ ರಿಮ್ಮಿನಲ್ಲಿ ಪ್ರಯತ್ನ ಮಾಡುವುದಿಲ್ಲ, ಅಂಚು ಬಿಟ್ಟು ಟೈರು ಕಳಚಿಕೊಳ್ಳುವ ಅಪಾಯವಿದೆ.

ಉಳಿದ ಚಿಲ್ಲರೆ ಲೆಕ್ಕ: ಚಕ್ರದ ಬೋಲ್ಟಿನ ಬಿಗಿ 105 ನ್ಯೂಟನ್ ಮೀಟರ್, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಸ್ಟೆಪ್ನಿ ಈ ಮಾಡೆಲ್ಲಿನಲ್ಲಿ ಡಿಕ್ಕಿಯ ಒಳಗಿನ ಗುಳಿಯಲ್ಲಿ ಕೂರುತ್ತದೆ. ದೊಡ್ಡ ಟೈರು ಅಂಚಿನಿಂದ ಮೇಲೆ ನಿಲ್ಲುವುದರಿಂದ ನೆಲಹಲಗೆಯ ಕೆಳಗೆ ಸುತ್ತಲೂ 25 ಮಿ.ಮೀ. ಪಟ್ಟಿ ಕೊಟ್ಟು ಎತ್ತರಿಸಿದ್ದು. ಸ್ಟೆಪ್ನಿ ಸೇರಿ ಐದೂ ಚಕ್ರ ಸರದಿಯಲ್ಲಿ ಬದಲಾಗಬೇಕು, ಇಲ್ಲವಾದರೆ ಪಂಕ್ಚರ್ ಆದ ದಿನ ಸವೆಯದ ಐದನೆಯದನ್ನು ಹಾಕಿ ಕಪ್ಲಿಂಗ್ ಕಾಯಿಸಿದಂತಾಗುತ್ತದೆ. ಸರದಿ 8000 ಕಿ.ಮೀ.ಗೊಮ್ಮೆ ಎಂದಿದ್ದರೆ ಮೀಟರು 7600 ತೋರಿಸುವಾಗಲೇ ಮಾಡಿ; ಚಕ್ರ ದೊಡ್ಡದಾದ ಮೇಲೆ ಮೀಟರು ಓಡಿದ್ದಕ್ಕಿಂತ ಕಡಿಮೆ ಎಣಿಸುತ್ತದೆ.